ಹಿಂದಕ್ಕೆ ನಡೆಯುವ ಪಾಠ

ಸೊಂಟದಿಂದ ಹಿಮ್ಮಡಿಯವರೆಗಿನ ಸ್ನಾಯುಗಳ ಹೆಸರನ್ನೆಲ್ಲ ನಾನು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಯಾವುದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆ, ಯಾವ ನರ ಅದಕ್ಕೆ ಅಪ್ಪಣೆ ಕೊಡುತ್ತದೆ, ಕೇಳಿದರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ಬಾಯಿಂದ ಬರುತ್ತಿತ್ತು. ನನ್ನ ಜೊತೆ ಓದುತ್ತಿದ್ದ ಕುರುಗೋಡಿನವಳಿಗೆ ಅದರಲ್ಲಿ ಅರ್ಧವೂ ಬರುತ್ತಿರಲಿಲ್ಲ. ಬಂದದ್ದರಲ್ಲೂ ಒಳಗಿನದು ಹೊರಗಿನದು ಅದಲು ಬದಲು. ಆದರೂ ನಮ್ಮ ಸರ್ ತಲೆಯಾಡಿಸುತ್ತಿದ್ದದ್ದು ಅವಳ ಮಾತಿಗೆ. ನಾನು ವಿದ್ಯಾರ್ಥಿಯಾಗಿದ್ದಾಗ ಪಟ್ಟ ಸಂಕಟವೆಲ್ಲ ಇಷ್ಟೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಳ್ಳಾರಿಯ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ, ಹಳೆಯ ಉಗ್ರಾಣಕ್ಕೆ ಸುಣ್ಣ ಬಳಿದು ಮಾಡಿದ ಉದ್ದನೆಯ ಕೋಣೆಯೊಂದರಲ್ಲಿ ನಾವು ಬೆರಳೆಣಿಕೆಯ ಹುಡುಗ ಹುಡುಗಿಯರು ಫಿಸಿಯೋಥೆರಪಿ ಕಲಿಯುತ್ತಿದ್ದೆವು. ಕಿಟಕಿಯಾಚೆ ಕೋಟೆ ಗುಡ್ಡ. ಬೇಸಿಗೆಯಲ್ಲಿ ಆ ಗುಡ್ಡದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮ್ಮ ಮೇಲೆ ಉಗುಳುತ್ತಿದ್ದವು. ಕೋಣೆಯ ನಡುವೆ ರೋಗಿಗಳು ಹಿಡಿದು ನಡೆಯಲು ಎರಡು ಉದ್ದನೆಯ ಕಂಬಿಗಳು, ಗೋಡೆಗೆ ಒಂದು ಏಣಿ, ಮೂಲೆಯಲ್ಲಿ ಮರಳಿನ ಚೀಲಗಳು, ಒಂದು ಬಿಸಿ ದೀಪ. ಅದೇ ನಮ್ಮ ಕಾಲೇಜು.

ನಮ್ಮ ಮನೆ ಅದೇ ಊರಿನ ಕೌಲ್ ಬಜಾರಿನಲ್ಲಿ. ನಾನು ಏನು ಓದುತ್ತಿದ್ದೇನೆಂಬುದು ಮನೆಯವರಿಗೆ ಕಡೆಯವರೆಗೂ ಸರಿಯಾಗಿ ಅರ್ಥವಾಗಲಿಲ್ಲ. "ಕಾಲು ಒತ್ತಾಕ ಕಾಲೇಜ್ ಬೇಕೇನಬೇ? ನಮ್ಮವ್ವಂದು ನಾ ದಿನಾ ಒತ್ತತೀನಿ" ಎಂದು ನಮ್ಮ ಸೋದರತ್ತೆ ಬಂದಾಗಲೆಲ್ಲ ಕಿಚಾಯಿಸುತ್ತಿದ್ದಳು. ಆಕೆಯೇ ಆದೋನಿ ಕಡೆಯ ಒಂದು ಸಂಬಂಧವನ್ನೂ ತಂದಿದ್ದಳು. ಪರೀಕ್ಷೆ ಮುಗಿದ ಕೂಡಲೇ ಮದುವೆ ಎಂಬ ಮಾತು ಅಡುಗೆಮನೆಯಲ್ಲಿ ಹದಕ್ಕೆ ಬರುತ್ತಿತ್ತು. ಇಲ್ಲೇ ಊರಲ್ಲಿ ಒಂದು ಕೆಲಸ ಸಿಕ್ಕರೆ ಆಮೇಲೆ ನೋಡೋಣ ಎಂದು ಅಪ್ಪ ಒಂದೇ ಒಂದು ಕಿಟಕಿ ತೆರೆದಿಟ್ಟಿದ್ದರು.

ಆ ಕಿಟಕಿ ಯಾವುದೆಂದು ನನಗೆ ಗೊತ್ತಿತ್ತು. ಕೊನೆಯ ವರ್ಷದ ಮೊದಲ ದಿನವೇ ಸರ್ ಹೇಳಿದ್ದರು: "ನಿಮ್ಮೊಳಗ ಒಬ್ರನ್ನ ಇಲ್ಲೇ ಇಟ್ಟುಕೋತೀನಿ. ಮುಂದಿನ ಬ್ಯಾಚಿಗೆ ಕಲಸಾಕ ನನ್ನ ಜೋಡಿ ಒಬ್ರು ಬೇಕು." ಹುಡುಗರಿಗೆ ಅದರಲ್ಲಿ ಆಸೆಯಿರಲಿಲ್ಲ. ಅವರ ಕಣ್ಣು ಬೆಂಗಳೂರು, ಮದ್ರಾಸಿನ ಮೇಲಿತ್ತು. ಉಳಿದವರು ನಾನು ಮತ್ತು ಕುರುಗೋಡಿನವಳು.

ಹಳೆಯ ರೀತಿಯ ಪಾಠವಾಗಿದ್ದರೆ ಆ ಜಾಗ ನನ್ನದೇ. ಮೊದಲ ವರ್ಷವೆಲ್ಲ ಹಾಗೆಯೇ ನಡೆದಿತ್ತು. ಆಗಿನ ಮೇಷ್ಟರು ಹೇಳುವುದು, ನಾವು ಬರೆದುಕೊಳ್ಳುವುದು, ನಾನು ಮೊದಲಿಗಳಾಗುವುದು. ಆಮೇಲೆ ಈ ಸರ್ ಬಂದರು. ಬಳ್ಳಾರಿಯವರೇ, ಆದರೆ ಮದ್ರಾಸಿನ ಕಡೆ ಕೆಲ ವರ್ಷ ಇದ್ದು ಬಂದವರು. ಅಲ್ಲಿಂದ ಒಂದು ಹೊಸ ಪದ್ಧತಿಯನ್ನು ಕಟ್ಟಿಕೊಂಡು ಬಂದಿದ್ದರು. ಪಾಠ ಮಾಡುವುದೇ ಇಲ್ಲ. ಸೋಮವಾರ ಒಬ್ಬ ರೋಗಿಯನ್ನು ಕರೆತಂದು ನಮ್ಮ ನಡುವೆ ಕೂಡಿಸಿ, ತಾವು ಮೂಲೆಯ ಸ್ಟೂಲಿನ ಮೇಲೆ ಕೂತು ಸೋಂಪು ಜಗಿಯುತ್ತಿದ್ದರು. "ರೋಗದ ಹೆಸರು ಆಮೇಲ. ಇವ್ರಿಗೆ ಏನ್ ಮಾಡಾಕ ಆಗವಲ್ದು, ಮೊದ್ಲು ಅದನ್ನ ಹೇಳ್ರಿ" ಎನ್ನುತ್ತಿದ್ದರು. ಅಷ್ಟೇ. ನಮಗೆ ಗೊತ್ತಿರುವುದೇನು, ಗೊತ್ತಿಲ್ಲದ್ದೇನು ಎಂದು ನಾವೇ ಹಲಗೆಯ ಮೇಲೆ ಬರೆಯಬೇಕು. ಗೊತ್ತಿಲ್ಲದ್ದನ್ನು ಹಂಚಿಕೊಂಡು ಬೀರುವಿನ ಪುಸ್ತಕಗಳಲ್ಲೋ, ಮೂಳೆ ಡಾಕ್ಟರ ಬಳಿಯೋ, ವಾರ್ಡಿನ ಸಿಸ್ಟರ ಬಳಿಯೋ ಹುಡುಕಿಕೊಂಡು ಬರಬೇಕು. ಸರ್‌ಗೆ ಪ್ರಶ್ನೆ ಕೇಳಿದರೆ ತಿರುಗಿ ಒಂದು ಪ್ರಶ್ನೆ ಬರುತ್ತಿತ್ತು. ನಾವು ಇದಕ್ಕೆ ಸಮಸ್ಯೆ ಕ್ಲಾಸು ಎಂದು ಹೆಸರಿಟ್ಟಿದ್ದೆವು. ನನ್ನ ಮಟ್ಟಿಗಂತೂ ಅದು ಎಲ್ಲ ಅರ್ಥದಲ್ಲೂ ಸಮಸ್ಯೆಯೇ.

ಯಾಕೆಂದರೆ ಆ ಕ್ಲಾಸಿನಲ್ಲಿ ಗೊತ್ತಿಲ್ಲದಿರುವುದಕ್ಕೂ ಬೆಲೆಯಿತ್ತು. "ನನಗ ಇದು ಗೊತ್ತಿಲ್ಲ ನೋಡ್ರಿ" ಎಂದು ಹೇಳಲು ನನಗೆ ನಾಲಗೆಯೇ ಹೊರಳುತ್ತಿರಲಿಲ್ಲ. ಕುರುಗೋಡಿನವಳು ಅದನ್ನು ಹಬ್ಬದ ಸುದ್ದಿಯಂತೆ ಹೇಳುತ್ತಿದ್ದಳು. ಹೇಳಿ, ರೋಗಿಯ ಮಂಚದ ಮೇಲೆಯೇ ಕೂತು, ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮಾತಿಗೆ ಶುರುಹಚ್ಚುತ್ತಿದ್ದಳು. ಅವರ ಮನೆಯಲ್ಲಿ ಎಷ್ಟು ಮೆಟ್ಟಿಲು, ನೀರು ಯಾರು ತರುತ್ತಾರೆ, ಗಂಡ ಬಯ್ಯುತ್ತಾನೋ ಇಲ್ಲವೋ, ಎಲ್ಲ ಅರ್ಧ ಗಂಟೆಯಲ್ಲಿ ಹೊರಗೆ. ಸರ್ ಮೂಲೆಯಲ್ಲಿ ತಲೆಯಾಡಿಸುತ್ತಿದ್ದರು. ಆ ಒಂದೊಂದು ತಲೆಯಾಟಕ್ಕೂ ನನ್ನ ಹೊಟ್ಟೆಯಲ್ಲಿ ಒಗ್ಗರಣೆ ಬೀಳುತ್ತಿತ್ತು.

ಅವಳ ಬಿಳಿ ಕೋಟು ಯಾವಾಗಲೂ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಸೆಕೆ ಎನ್ನುತ್ತಿದ್ದಳು. ನನ್ನ ಕೋಟಿಗೆ ನಾನೇ ಗಂಜಿ ಹಾಕಿ ಇಸ್ತ್ರಿ ಮಾಡಿ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಬರುತ್ತಿದ್ದೆ. ಸೆಕೆ ನನಗೂ ಆಗುತ್ತಿತ್ತು. ಹಾಗಂತ ಕೋಟು ತೆಗೆಯುವುದೇ?

ಬೇಸಿಗೆಯ ನಡುವೆ ಸರ್ ನಮ್ಮಿಬ್ಬರನ್ನೂ ಒಂದೇ ಗುಂಪಿಗೆ ಹಾಕಿ ಒಬ್ಬ ಹೆಂಗಸನ್ನು ನಮಗೆ ಒಪ್ಪಿಸಿದರು. ಸಿರುಗುಪ್ಪದಾಚೆಯ ಕಾಲುವೆ ಹಳ್ಳಿಯೊಂದರ ಕೂಲಿ ಹೆಂಗಸು. ನಾವು ಅವ್ವ ಎನ್ನುತ್ತಿದ್ದೆವು, ನಮ್ಮ ತಾಯಂದಿರ ವಯಸ್ಸು. ಕೂಲಿಯವರನ್ನು ತುಂಬಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಟ್ರೇಲರ್ ಮಗುಚಿ ಬಲ ತೊಡೆಯ ಮೂಳೆ ಮುರಿದಿತ್ತು. ಮೂಳೆ ಕೂಡಿತ್ತು. ಆದರೆ ಮೂಳೆ ಎಳೆದು ನೆಟ್ಟಗಾಗಲೆಂದು ಕಾಲಿಗೆ ಕಲ್ಲು ಕಟ್ಟಿಸಿಕೊಂಡು ಮಲಗಿ, ಆಮೇಲೆ ಸಿಮೆಂಟು ಪಟ್ಟಿಯಲ್ಲಿ ಬಿಗಿಸಿಕೊಂಡು ಮಲಗಿ, ಮೊಣಕಾಲು ಮಡಚಲಾಗದಂತೆ ಹಿಡಿದುಕೊಂಡುಬಿಟ್ಟಿತ್ತು. ತೊಡೆ ಸೊರಗಿ ಮುಂಗೈಯಷ್ಟಾಗಿತ್ತು.

"ಏನ್ ಮಾಡಾಕ ಆಗಬೇಕವ್ವಾ ನಿನಗ?" ಎಂದು ಸರ್ ಕೇಳಿದರು.

"ನೆಲ್ಲು ಹಚ್ಚಾಕ ಹೋಗಬೇಕ್ರಿ" ಎಂದಳು. ಭತ್ತದ ನಾಟಿಗೆ ಅವರ ಕಡೆ ಹಾಗೆನ್ನುತ್ತಾರೆ. "ಕಾಲುವಿಗೆ ನೀರು ಬಿಡೋದ್ರಾಗ ಕಾಲು ಸರಿ ಆಗಬೇಕ್ರಿ. ನಮ್ಮದು ಹೆಣ್ಮಕ್ಕಳ ಗುಂಪು ಐತಿ. ಸಾಲಾಗಿ ಹಚ್ತೀವಿ. ನಾ ಹಿಂದ ಬಿದ್ರ ಸಾಲು ಡೊಂಕಾಗ್ತೈತಿ. ನನ್ನ ಜಾಗಕ್ಕ ಇನ್ನೊಬ್ಬಾಕಿನ ತಗೊಂಡ್ರಂದ್ರ ಮುಗೀತು, ಮತ್ತ ನನ್ನ ಕರಿಯಂಗಿಲ್ಲ."

ಸರ್ ನಮ್ಮ ಕಡೆ ತಿರುಗಿದರು. "ತಿಳೀತಲ್ಲ? ಈಕಿನ ಗದ್ದಿಗೆ ಕಳಸ್ರಿ. ಒಂದು ಮಾತು ನೆನಪಿಟ್ಟುಕೊಳ್ರಿ. ರೋಗಿ ನಿಮ್ಮನ್ನ ನೆನಸಿಕೋತ ಕುಂತ್ರ ನೀವು ಫೇಲು. ನಿಮ್ಮನ್ನ ಮರ್ತು ತನ್ನ ಕೆಲಸ ಮಾಡಾಕತ್ರ ಪಾಸು." ಇದನ್ನು ಅವರು ಪ್ರತಿ ರೋಗಿಯ ಮುಂದೆಯೂ ಹೇಳುತ್ತಿದ್ದರು. ನಾವು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ನಾನು ಹಲಗೆಯ ಮೇಲೆ ಸ್ನಾಯುಗಳ ಹೆಸರು ಬರೆಯಲು ಸೀಮೆಸುಣ್ಣ ಎತ್ತಿಕೊಳ್ಳುವಷ್ಟರಲ್ಲಿ ಕುರುಗೋಡಿನವಳು ಎದ್ದಾಗಿತ್ತು. "ಹೊಲದ ಕೆಲಸ ನನಗ ಬಿಡ್ರಿ ಸರ್. ನಾ ಹುಟ್ಟಿದ್ದ ಹೊಲದಾಗ!" ಎಂದವಳೇ ಸೆರಗು ಸಿಕ್ಕಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಳೆ ಕೀಳುವ ಕುರ್ಪಿ ಕೈಯಲ್ಲಿದ್ದಂತೆ ಆಡಿಸುತ್ತ ಬಾತುಕೋಳಿಯ ಹಾಗೆ ಮುಂದೆ ಮುಂದೆ ಸರಿದು ಕೋಣೆಯ ಆ ತುದಿಯಿಂದ ಈ ತುದಿಗೆ ಬಂದಳು. ಹುಡುಗರು ಚಪ್ಪಾಳೆ ಹೊಡೆದರು. ಅವ್ವನೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಹಿಂಗ ಕೂಡಾಕ ಬರಬೇಕು, ಹೌದಿಲ್ಲೋ?" ಎಂದು ಇವಳು ಕೇಳಿದರೆ ಅವ್ವ ಹೂಂ ಎಂದಳು. ಬಿಳಿ ಕೋಟಿನ ಕೋಣೆಯಲ್ಲಿ ಏನು ಕೇಳಿದರೂ ಹೂಂ ಅನ್ನುವುದು ಆಸ್ಪತ್ರೆಗೆ ಬಂದವರ ರೂಢಿ.

ಹೀಗೆ ನಮ್ಮ ಗುರಿ ಗೊತ್ತಾಯಿತು. ಮೊಣಕಾಲು ಪೂರ್ತಿ ಮಡಚಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಕೂತಲ್ಲಿಂದ ಮುಂದೆ ಸರಿಯಬೇಕು. ನನಗೆ ಮನಸ್ಸಿನಲ್ಲಿ ಏನೋ ಒಪ್ಪಲಿಲ್ಲ. ಆದರೆ ಹೊಲದ ಬಗ್ಗೆ ಬಾಯಿ ತೆರೆಯಲು ನನಗೇನು ಗೊತ್ತು? ನಾನು ಕಂಡ ಭತ್ತ ಅಂಗಡಿಯಲ್ಲಿ ಅಕ್ಕಿಯಾದ ಮೇಲಿನದು. ಅವಳಿಗೆ ಹೊಲವಿದೆ, ನನಗಿಲ್ಲ ಎಂಬುದಕ್ಕೂ ನನಗೆ ಹೊಟ್ಟೆ ಉರಿಯಿತು. ಅಲ್ಲಿಯವರೆಗೆ ಹೊಲವಿಲ್ಲದ್ದಕ್ಕೆ ನಾನು ಒಂದು ದಿನವೂ ಅತ್ತವಳಲ್ಲ.

ಆಮೇಲೆ ದಿನವೂ ಮಡಚುವ ಕೆಲಸ. ಕುರುಗೋಡಿನವಳು ಬಿಸಿನೀರಲ್ಲಿ ಹಿಂಡಿದ ಟವೆಲ್ಲನ್ನು ಮೊಣಕಾಲಿಗೆ ಸುತ್ತಿ, ಅದು ಆರುವವರೆಗೆ ಅವ್ವನ ಮೊಮ್ಮಕ್ಕಳ ಕತೆ ಕೇಳುತ್ತಿದ್ದಳು. ನಾನು ಕೋನ ಅಳೆಯುವ ಪಟ್ಟಿ ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದೆ. ಅವಳು ಮಡಚಿದರೆ ಅವ್ವ "ಸಾವಕಾಶ ಮಗಳ" ಎನ್ನುತ್ತಿದ್ದಳು. ನಾನು ಮಡಚಿದರೆ "ಅಯ್ಯಯ್ಯೋ, ಸತ್ನೆಪ್ಪೋ" ಎಂದು ವಾರ್ಡಿಗೆ ಕೇಳುವ ಹಾಗೆ ಕಿರುಚುತ್ತಿದ್ದಳು. ಇಬ್ಬರೂ ಒಂದೇ ಅಳತೆಗೆ ಮಡಚುತ್ತಿದ್ದೆವು. ಪಟ್ಟಿ ನನ್ನ ಕೈಯಲ್ಲೇ ಇತ್ತಲ್ಲ, ನನಗೆ ಗೊತ್ತಿಲ್ಲವೇ. ಅವಳು ಮಗಳಾದಳು. ನನಗೆ ಹೆಸರೇ ಇರಲಿಲ್ಲ. ಒಂದು ದಿನ ನಾನು ಬಾಗಿಲ ಹೊರಗಿದ್ದಾಗ ಅವ್ವ ಪಕ್ಕದ ಮಂಚದವಳಿಗೆ ಹೇಳುತ್ತಿದ್ದಳು: "ಆ ಮಗಳ ಕೈ ಬೆಣ್ಣಿ ನೋಡು. ಇನ್ನೊಬ್ಬಾಕಿ ಅದಾಳ, ಕೋಟಿನಾಕಿ. ಯವ್ವಾ, ಆಕೀದು ಕಬ್ಬಿಣ."

ಅವ್ವನ ಊರಿಂದ ಯಾರಾದರೂ ಬಂದರೆ ಬುತ್ತಿ ತರುತ್ತಿದ್ದರು. ಜೋಳದ ರೊಟ್ಟಿ, ಗುರೆಳ್ಳು ಪುಡಿ, ಎಣ್ಣೆ ಮೇಲೆ ತೇಲುವ ಬದನೆಕಾಯಿ. ಅದರಲ್ಲಿ ಕುರುಗೋಡಿನವಳ ಪಾಲು ಬೇರೆ ಎತ್ತಿಟ್ಟಿರುತ್ತಿತ್ತು. ಅವಳು ನನಗೂ ಮುರಿದು ಕೊಡಲು ಬರುತ್ತಿದ್ದಳು. ನನ್ನ ಡಬ್ಬಿ ಐತಿ ಎಂದು ನಾನು ಮುಚ್ಚಳ ತೆಗೆಯುತ್ತಿದ್ದೆ. ಒಳಗೆ ಚಿತ್ರಾನ್ನ. ಅದನ್ನು ತಿನ್ನುವಾಗಲೂ ಮೂಗಿಗೆ ಬದನೆಕಾಯಿಯ ವಾಸನೆಯೇ ಬರುತ್ತಿತ್ತು.

ಒಂದು ದಿನ ಕುರುಗೋಡಿನವಳು ಯಾರದೋ ಮದುವೆಗೆಂದು ಊರಿಗೆ ಹೋದಳು. ಅವ್ವ ನನ್ನ ಪಾಲಿಗೆ ಸಿಕ್ಕಿದಳು. ಕುರುಗೋಡಿನವಳಿಗೆ ಹೇಳದ ಒಂದೇ ಒಂದು ಮಾತನ್ನು ಈ ಹೆಂಗಸು ನನಗೆ ಹೇಳಬೇಕು, ಎಂಥದ್ದಾದರೂ ಸರಿ, ಎಂದು ಹಟ ಹಿಡಿದು ಮಂಚದ ತುದಿಯಲ್ಲಿ ಕೂತೆ. ಮೊಮ್ಮಕ್ಕಳನ್ನು ಕೇಳಿದೆ. ಚುಟುಕು ಉತ್ತರ ಬಂತು. ಗಂಡನನ್ನು ಕೇಳಿದೆ. "ಅದಾನ" ಎಂದಳು. ಕೇಳಲು ಬೇರೇನೂ ತೋಚದೆ, "ಅವ್ವಾ, ನೆಲ್ಲು ಹೆಂಗ ಹಚ್ತಾರ? ಒಂದೀಟು ಮಾಡಿ ತೋರಸಬೇ" ಎಂದೆ.

"ನೀ ನೋಡಿಲ್ಲೇನವಾ?"

"ಇಲ್ಲಬೇ. ನಾ ಕೌಲ್ ಬಜಾರದಾಕಿ."

ಅವಳಿಗೆ ನಗು ಬಂತು. ನನ್ನ ಮಾತಿಗೆ ಅವಳು ನಕ್ಕದ್ದು ಅದೇ ಮೊದಲು. ಕಂಬಿ ಹಿಡಿದು ಎದ್ದು, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದಂತೆ ಮಾಡಿ, ಸೊಂಟದಿಂದ ಪೂರ್ತಿ ಬಗ್ಗಿದಳು. ಬಲಗೈ ಇಲ್ಲದ ಕೆಸರಿಗೆ ಇಳಿಯಿತು, ಎದ್ದಿತು, ಪಕ್ಕಕ್ಕೆ ಇಳಿಯಿತು. ಆಮೇಲೆ ಅವಳು ಎಡಗಾಲು ಎತ್ತಿ ಹಿಂದಕ್ಕೆ ಇಟ್ಟಳು. ಬಲಗಾಲು ಎತ್ತಿದಳು. ಅದು ಹಿಂದೆ ಹೋಗಲಿಲ್ಲ. ಕೋಲಿನ ಹಾಗೆ ಸೆಟೆದು ನಿಂತಿತು, ಅವಳು ಹಿಮ್ಮುಖವಾಗಿ ವಾಲಿದಳು. ನಾನು ಹಾರಿ ಹೋಗಿ ಕಂಕುಳಿಗೆ ಕೈ ಹಾಕದಿದ್ದರೆ ಅದೇ ತೊಡೆ ಮತ್ತೆ ಮುರಿಯುತ್ತಿತ್ತು.

"ಹಿಂದಕ್ಕ ಯಾಕ ಹೋದಿ ಅವ್ವಾ?" ಎಂದೆ.

"ಮತ್ತ? ಮುಂದ ಹೋಗಾಕ ಬರ್ತೈತೇನವಾ? ಹಚ್ಚಿದ್ದನ್ನ ತುಳಿದಂಗ ಆಗಂಗಿಲ್ಲೇನು?" ಎಂದು ಅವಳು ನನ್ನ ದಡ್ಡತನಕ್ಕೆ ಬೆರಗಾಗಿ ಕೇಳಿದಳು.

ನಾನು ಅವಳನ್ನು ಮಂಚಕ್ಕೆ ಕೂಡಿಸಿ ನೀರು ಕೊಟ್ಟೆ. ಅವಳಿಗೆ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಕ್ಷಣವೇ ನನ್ನೊಳಗೆ ಪಟಾಕಿ ಸಿಡಿಯಿತು. ಕುರುಗೋಡಿನವಳು ತಪ್ಪಿದ್ದಳು! ಅವಳ ಊರಿನದು ಎರೆಹೊಲ, ಕಪ್ಪು ಮಣ್ಣಿನ ಒಣಭೂಮಿ. ಹತ್ತಿ, ಜೋಳ, ಮೆಣಸಿನಗಿಡದ ಸಾಲಿನಲ್ಲಿ ಕೂತು ಕಸ ತೆಗೆಯುತ್ತ ಮುಂದೆ ಮುಂದೆ ಸರಿಯುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಹೊಲವೆಂದರೆ ಅದೇ, ಹೆಂಗಸರ ಕೆಲಸವೆಂದರೆ ಅದೇ ಎಂದು ಸಿರುಗುಪ್ಪದ ಗದ್ದೆಗೂ ಅದನ್ನೇ ಹೊಂದಿಸಿಬಿಟ್ಟಿದ್ದಳು. ಏನೂ ನೋಡದ ನಾನು ಕೇಳಿದೆ. ನೋಡಿದ್ದೇನೆ ಎಂದುಕೊಂಡವಳು ಕೇಳಲಿಲ್ಲ. ಅಂದು ಸಂಜೆ ಕೌಲ್ ಬಜಾರಿನ ಗಲ್ಲಿಗಳಲ್ಲಿ ನಾನು ನಡೆಯಲಿಲ್ಲ, ತೇಲಿದೆ.

ಅವಳು ಬಂದ ದಿನ, ಎಲ್ಲರೂ ಕೂತಿದ್ದಾಗ, ಹಲಗೆಯ ಮೇಲಿನ ನಮ್ಮ ಗುರಿಯನ್ನು ಸರ್ರನೆ ಒರೆಸಿದೆ. ಒರೆಸಿದ ಮೇಲೆ ಏನಾಯಿತೆಂದು ಹೇಳಿದೆ. ಕುಕ್ಕರಗಾಲು ಬೇಡ, ಬಗ್ಗಿದ ಸೊಂಟದಲ್ಲಿ ಕಾಲನ್ನು ಹಿಂದಕ್ಕೆ ಚಾಚಿ, ಮೊದಲು ಬೆರಳು ಊರಿ, ಆಮೇಲೆ ಭಾರ ಬಿಡುವುದು ಬರಬೇಕು, ಅದಕ್ಕೆ ಪೃಷ್ಠದ ಸ್ನಾಯುವಿಗೂ ತೊಡೆಯ ಮುಂದಿನ ಸ್ನಾಯುವಿಗೂ ಶಕ್ತಿ ಬರಬೇಕು ಎಂದು ಹುಟ್ಟು, ಅಂಟು, ನರ ಸಮೇತ ವಿವರಿಸಿದೆ. ಮಾತೆಲ್ಲ ಸರ್ ಕಡೆಗೆ, ಕಣ್ಣು ಮಾತ್ರ ಅವಳ ಮೇಲೆ. ಅವಳ ಮುಖ ಸಣ್ಣದಾಗುವುದನ್ನು ನೋಡಬೇಕಿತ್ತು ನನಗೆ.

ಅವಳು ಹಣೆ ಚಚ್ಚಿಕೊಂಡು ಜೋರಾಗಿ ನಕ್ಕಳು. "ಅಯ್ಯ, ಹೌದಲ್ಲಲೇ! ನಾನೆಂಥಾ ಹುಚ್ಚಿ, ನಮ್ಮ ಕಡಿ ಕಸ ತೆಗಿಯೋದನ್ನ ಆಕಿಗೆ ಕಲಸಾಕ ಹೊಂಟಿದ್ದೆ. ಛಲೋ ಕೇಳಿದಿ ನೋಡು ನೀ!" ಅವಳ ದನಿಯಲ್ಲಿ ಒಂದಿಷ್ಟಾದರೂ ಹುಳಿ ಇದೆಯೇನೋ ಎಂದು ಹುಡುಕಿದೆ. ಇರಲಿಲ್ಲ. ಸರ್ ಸ್ಟೂಲಿನಿಂದ ಎದ್ದು, "ಶಹಬ್ಬಾಸ್. ನಿಮ್ಮ ಗುಂಪು ಸಮಸ್ಯೆ ಹಿಡೀತು" ಎಂದರು. ಗುಂಪಂತೆ ಗುಂಪು! ಒಬ್ಬಳು ಮದುವೆಯಲ್ಲಿ ಹೋಳಿಗೆ ತಿನ್ನುತ್ತಿದ್ದಳು, ಅವಳೂ ಹಿಡಿದಳಂತೆ.

ಆಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ನೆಲವಿತ್ತು. ಅವ್ವನನ್ನು ಮೊದಲು ಕಂಬಿಗಳ ನಡುವೆ ಹಿಂದಕ್ಕೆ ನಡೆಸಿ, ಆಮೇಲೆ ಆ ನೆಲಕ್ಕೆ ನೀರು ಹೊಯ್ದು ಕೆಸರು ಮಾಡಿ ಅಲ್ಲಿ ಇಳಿಸಿದೆವು. ಕೈಯಲ್ಲಿ ಬೇವಿನ ಕಡ್ಡಿಗಳ ಕಟ್ಟು. ಬಗ್ಗಿ ಕಡ್ಡಿ ಚುಚ್ಚುವುದು, ಹಿಂದೆ ಹೆಜ್ಜೆ ಇಡುವುದು. ರೋಗಿಗಳ ಕಡೆಯವರು ಗುಂಪುಗೂಡಿ ನೋಡುತ್ತಿದ್ದರು. "ಇದ್ಯಾವ ಇಲಾಜ್ ಐತೆಪ್ಪಾ, ಆಸ್ಪತ್ರಿ ಹಿಂದ ಗದ್ದಿ ಮಾಡಾಕತ್ಯಾರ" ಎಂದು ಒಬ್ಬ ಮುದುಕ ಬೀಡಿ ಹಚ್ಚಿ ಕಾಯಂ ಆಗಿ ಕೂರುತ್ತಿದ್ದ.

ಹಿಂದಕ್ಕೆ ನಡೆಯುವವಳು ಬಿದ್ದರೆ ಹಿಂದಕ್ಕೇ ಬೀಳುತ್ತಾಳೆ. ಹಿಡಿಯುವವರು ಬೆನ್ನ ಹಿಂದೆ ಇರಬೇಕು. ನಾನು ಎತ್ತರ, ತೋಳಲ್ಲಿ ಕಸುವೂ ಇತ್ತು. ಹಾಗಾಗಿ ಹಿಂದೆ ನಾನು. ಮುಂದೆ, ಅವಳ ಕಣ್ಣೆದುರಿಗೆ, ಕಡ್ಡಿಗಳನ್ನು ಎತ್ತಿಕೊಡುತ್ತ, "ಬಾರಬೇ ಅವ್ವಾ, ಭಲೇ ಅವ್ವಾ" ಎನ್ನುತ್ತ ಕುರುಗೋಡಿನವಳು. ವ್ಯವಸ್ಥೆ ಮಾಡಿದವಳೂ ನಾನೇ. ಅವ್ವ ತಲೆಯೆತ್ತಿದಾಗಲೆಲ್ಲ ಕಂಡದ್ದು ಅವಳ ಮುಖ. ನನ್ನದೇನಿದ್ದರೂ ಸೊಂಟಕ್ಕೆ ತಾಗುವ ಎರಡು ಕೈ, ಮತ್ತು ಬೆನ್ನ ಹಿಂದಿನ ದನಿ. "ಬೆರಳು ಮೊದ್ಲು. ಈಗ ಭಾರ. ಬಗ್ಗಿ ಇರು, ಏಳಬ್ಯಾಡ. ಇನ್ನೊಮ್ಮೆ." ಅವ್ವ ಮುಂದಿನವಳಿಗೆ ದೂರುತ್ತಿದ್ದಳು: "ಈ ಕೋಟಿನಾಕಿ ನನ್ನ ಜೀವ ತಿನ್ನಾಕ ಹುಟ್ಯಾಳ ಮಗಳ." ಮಗಳು ನಗುತ್ತಿದ್ದಳು. ನಾನು ಅವ್ವನ ಬೆನ್ನನ್ನು ನೋಡುತ್ತಿದ್ದೆ. ಆ ಬೆನ್ನಿನ ಪ್ರತಿಯೊಂದು ಮೂಳೆ ನನಗೆ ಇಂದಿಗೂ ನೆನಪಿದೆ.

ಕಾಲುವೆಗೆ ನೀರು ಬಿಡುವ ಸುದ್ದಿ ಬಂತು. ಅವ್ವ ಹೊರಟಳು. ಕುರುಗೋಡಿನವಳನ್ನು ಅಪ್ಪಿಕೊಂಡು ಅತ್ತಳು. ನನ್ನ ಕಡೆಗೂ ಕೈ ಮುಗಿದಳು, ಗೇಟಿನ ಕಾವಲುಗಾರನಿಗೆ ಮುಗಿದ ಹಾಗೆಯೇ.

ನಾಟಿ ನಡೆಯುತ್ತಿದ್ದಾಗ ಸರ್ ನಮ್ಮಿಬ್ಬರನ್ನೂ ಸಿರುಗುಪ್ಪಕ್ಕೆ ಹೊರಡಿಸಿದರು. ಪರೀಕ್ಷೆ ಅಲ್ಲೇ, ಗದ್ದೆಯ ಬದುವಿನ ಮೇಲೆ ಎಂದರು. ಬಸ್ಸಿಳಿದು ಕಾಲುವೆ ದಂಡೆ ಹಿಡಿದು ನಡೆದೆವು. ಆ ಹಸಿರು, ಆ ನೀರು, ಬಳ್ಳಾರಿಯ ಬಂಡೆಗಳ ನಡುವೆ ಬೆಳೆದ ನನಗೆ ಬೇರೆ ದೇಶದಂತಿತ್ತು. ಅಂದು ನಾನು ಕೋಟು ಹಾಕಿರಲಿಲ್ಲ. ಹೂವಿನ ಸೀರೆ ಉಟ್ಟು ಕೊಡೆ ಹಿಡಿದಿದ್ದೆ. ಎಂಥ ವೇಳೆಯಲ್ಲಿ ಕೋಟು ಬಿಟ್ಟೆನೋ.

ಹೆಂಗಸರ ಸಾಲು ಗದ್ದೆಯ ಆಚೆ ತುದಿಯಿಂದ ನಾವು ನಿಂತ ಬದುವಿನ ಕಡೆಗೆ ಹಿಂದೆ ಹಿಂದೆ ಬರುತ್ತಿತ್ತು. ಎಲ್ಲರದೂ ಬೆನ್ನು ನಮ್ಮ ಕಡೆಗೆ. ಯಾರು ಯಾರೆಂದು ಕುರುಗೋಡಿನವಳಿಗೆ ತಿಳಿಯಲಿಲ್ಲ, ಸರ್‌ಗೂ ತಿಳಿಯಲಿಲ್ಲ. ನನಗೆ ದೂರದಿಂದಲೇ ತಿಳಿಯಿತು. ಬಲಗಾಲು ಕೆಸರಿನಿಂದ ಎದ್ದು ಹಿಂದಕ್ಕೆ ಬಂತು. ಬೆರಳು ಮೊದಲು. ಆಮೇಲೆ ಭಾರ. ಸೊಂಟ ಏಳಲಿಲ್ಲ. ಸಾಲು ಡೊಂಕಾಗಲಿಲ್ಲ. ಪಕ್ಕದವಳೊಡನೆ ಏನೋ ತಮಾಷೆಯಾಡುತ್ತ, ಕಾಲಿನ ಕಡೆ ಗಮನವೇ ಇಲ್ಲದೆ ಅವಳು ನಮ್ಮ ಕಾಲ ಬುಡದವರೆಗೆ ಬಂದು, ಬದು ತಾಗಿದ ಮೇಲೆ ಎದ್ದು ತಿರುಗಿದಳು.

ನೇರ ಅವಳ ಕಣ್ಣೆದುರು ನಿಂತಿದ್ದವಳು ನಾನು. ನನ್ನನ್ನು ನೋಡಿದಳು. ಯಾರೋ ಆಫೀಸಿನ ಅಮ್ಮ ಎಂಬಂತೆ ಕಣ್ಣು ನನ್ನನ್ನು ದಾಟಿ ಪಕ್ಕಕ್ಕೆ ಹೋಯಿತು. ಅಲ್ಲಿ ನಿಂತುಬಿಟ್ಟಿತು.

"ಯವ್ವಾ, ನನ್ನ ಮಗಳು ಬಂದಾಳ!" ಎಂದು ಕೂಗಿ ಬದು ಹತ್ತಿ, ಕೆಸರುಗೈಯಲ್ಲೇ ಕುರುಗೋಡಿನವಳ ಎರಡೂ ಕೆನ್ನೆ ಹಿಡಿದಳು. ಸಾಲಿನ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಆಮೇಲೆ ಸುತ್ತ ನೋಡಿ ಕೇಳಿದಳು: "ಆ ಕೋಟಿನಾಕಿ ಬರಲಿಲ್ಲೇನು? ಹಿಂದಕ್ಕ ಹಿಂದಕ್ಕ ನಡೆಸಿ ಜೀವ ತಿಂದ್ಲು ನೋಡವಾ ಆಕಿ."

ಕುರುಗೋಡಿನವಳು ಬಾಯಿ ತೆರೆದಳು. ಸರ್ ಬೇಡ ಎಂದು ಕೈ ಸನ್ನೆ ಮಾಡಿದರು. ಅಷ್ಟರಲ್ಲಿ ಗುಂಪಿನ ಹಿರಿಯಾಕೆ ಕರೆದಳು. ಅವ್ವ ಹೊಸ ಸಸಿಯ ಕಟ್ಟು ಎತ್ತಿಕೊಂಡು ಮುಂದಿನ ಗದ್ದೆಗೆ ಇಳಿದಳು.

ಸರ್ ಕಾಲುವೆಯಲ್ಲಿ ಕಾಲು ತೊಳೆದುಕೊಳ್ಳುತ್ತ ನನಗೆ ಹೇಳಿದರು: "ನೀ ಪಾಸಾದಿ. ಮುಂದಿನ ಬ್ಯಾಚಿಗೆ ನೀನ ಇರು." ಕುರುಗೋಡಿನವಳ ಕಡೆ ತಿರುಗಿ ನಕ್ಕರು. "ನಿನ್ನ ಮರೀಲಿಲ್ಲಲ್ಲವಾ ಆಕಿ."

"ಫೇಲಾದ್ನಲ್ರಿ ಸರ್!" ಎಂದು ಅವಳೂ ನಕ್ಕಳು.

ಮರಳಿ ಬರುವಾಗ ಬಸ್ಸಿನಲ್ಲಿ ಅವಳು ನನಗೆ ಶೇಂಗಾ ಕೊಡಿಸಿದಳು. "ಆ ಜಾಗ ನಿನಗ ಸಿಗಬೇಕಿತ್ತು ಬಿಡು, ನಾ ಎಲ್ಲಿ ಕಲಸ್ತೀನಿ" ಎಂದಳು. ಅದೂ ಮನಸ್ಸಿನಿಂದ. ಜಾಗ ನನಗೆ ಸಿಕ್ಕಿತ್ತು. ಆದೋನಿಯ ಸಂಬಂಧ ತಪ್ಪಿತ್ತು. ಅವಳು ಹೊಟ್ಟೆ ಉರಿದುಕೊಳ್ಳಬೇಕಾಗಿದ್ದ ಹೊತ್ತು ಅದು, ಆ ಉರಿ ನನಗೆ ಸಲ್ಲಬೇಕಾದ ಮರ್ಯಾದೆ. ಅದನ್ನೂ ಅವಳು ಕೊಡಲಿಲ್ಲ. ಶೇಂಗಾ ಮುಗಿಯುವ ಮೊದಲೇ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಅವಳ ಕೆನ್ನೆಯ ಮೇಲೆ ಅವ್ವನ ಬೆರಳಿನ ಕೆಸರು ಒಣಗಿ ಗುರುತಾಗಿತ್ತು. ಒರೆಸಿಕೊಂಡಿರಲಿಲ್ಲ. ಬಳ್ಳಾರಿ ಬರುವವರೆಗೂ ನಾನು ಅದನ್ನೇ ನೋಡುತ್ತ ಕೂತಿದ್ದೆ.

ಆಮೇಲೆ ಆ ಮೂಲೆಯ ಸ್ಟೂಲು ನನ್ನದಾಯಿತು. ನಾನೂ ಸೋಂಪು ಜಗಿಯುವುದನ್ನು ಕಲಿತೆ. ಹುಡುಗ ಹುಡುಗಿಯರ ಮುಂದೆ ರೋಗಿಯನ್ನು ಕೂಡಿಸಿ, ಇವರಿಗೆ ಏನು ಮಾಡಲು ಆಗುತ್ತಿಲ್ಲ ಎಂದು ಕೇಳಿದೆ. ಕೇಳಿ ಸುಮ್ಮನೆ ನಂಬಬೇಡಿ, ಮಾಡಿಸಿ ನೋಡಿ ಎಂದೆ. ನನ್ನ ರೋಗಿಗಳು ನನ್ನನ್ನು ಚೆನ್ನಾಗಿಯೇ ಮರೆತರು. ಬಜಾರಿನಲ್ಲಿ ಎದುರಾದರೆ ನೆಟ್ಟಗೆ ನಡೆದು ಹೋಗುತ್ತಿದ್ದರು. ಕುರುಗೋಡಿನವಳು ತನ್ನೂರಿನಲ್ಲೇ ಒಂದು ಕೋಣೆ ಹಿಡಿದಳು. ಅವಳ ಬಾಗಿಲಲ್ಲಿ ಯಾವಾಗಲೂ ಯಾರಾದರೂ ತಂದಿಟ್ಟ ಮೆಣಸಿನಕಾಯಿ, ಬದನೆಕಾಯಿ ಇರುತ್ತವೆ ಎಂದು ಹೋಗಿ ಬಂದವರು ಹೇಳುತ್ತಿದ್ದರು. ಯಾಕೆ ಹೇಳುತ್ತಿದ್ದರೋ, ನಾನು ಕೇಳಿರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಳ್ಳಾರಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ತಲೆಯ ಮೇಲೆ ಗಂಟು ಹೊತ್ತ ಹೆಂಗಸೊಬ್ಬಳು ಬಂದು ಕೇಳಿದಳು: "ಅಮ್ಮಾರ, ಕುರುಗೋಡು ಬಸ್ಸು ಯಾವುದ್ರಿ? ನನಗ ಓದಾಕ ಬರಂಗಿಲ್ಲ." ಕೂದಲು ನೆರೆತಿತ್ತು. ದನಿಯಿಂದ ಗುರುತು ಹಿಡಿದೆ.

"ಕುರುಗೋಡಿನ್ಯಾಗ ಯಾರದಾರವ್ವಾ?" ಎಂದೆ.

"ನನ್ನ ಮಗಳು ಅದಾಳ್ರಿ. ಕಾಲಿನ ಡಾಕ್ಟರ್ ಆಗ್ಯಾಳ. ನನ್ನ ಕಾಲು ಮುರಿದಿತ್ರಿ, ಆಕೀನ ರಿಪೇರಿ ಮಾಡಿದ್ದು. ಅದಕ್ಕ ಪ್ರತಿ ಸುಗ್ಗಿಗೂ ಹೊಸ ಅಕ್ಕಿ ಒಯ್ದು ಕೊಡ್ತೀನಿ."

ಪ್ರತಿ ಸುಗ್ಗಿಗೂ! ಆ ಕೋಟಿನಾಕಿ ನಾನೇ ಎಂಬ ಮಾತು ಹಲ್ಲಿನವರೆಗೆ ಬಂತು. ಹೇಳಿದರೆ ಅವಳು ನನ್ನನ್ನು ನೆನಪಿಟ್ಟುಕೊಳ್ಳುತ್ತಾಳೆ. ನೆನಪಿಟ್ಟುಕೊಂಡರೆ ನಾನು ಫೇಲು. ಸರ್ ತೀರಿಹೋಗಿ ಕೆಲ ವರ್ಷವಾಗಿತ್ತು, ಆದರೂ ಆ ಮಾತನ್ನು ನುಂಗಿಕೊಂಡೆ. ಕೈ ಮಾಡಿ ಬಸ್ಸು ತೋರಿಸಿದೆ.

"ಒಂದೀಟು ಹಿಡೀರಮ್ಮಾ" ಎಂದು ಗಂಟನ್ನು ನನ್ನ ತೋಳಿಗೆ ಇಳಿಸಿ ಅವಳು ಬಸ್ಸು ಹತ್ತಿದಳು. ಇಳಿಯುವವರು ಇನ್ನೂ ಇಳಿದಿರಲಿಲ್ಲ. "ಹಿಂದಕ್ಕ ಸರಿಯಬೇ ಯಮ್ಮಾ!" ಎಂದು ಕಂಡಕ್ಟರ್ ಗದರಿದ. ಅವಳು ತಿರುಗಲೂ ಇಲ್ಲ, ಕಂಬಿಯನ್ನೂ ಹಿಡಿಯಲಿಲ್ಲ. ಬಲಗಾಲು ಹಿಂದಕ್ಕೆ ಬಂದು ಮೆಟ್ಟಿಲು ಹುಡುಕಿತು. ಬೆರಳು ಮೊದಲು, ಆಮೇಲೆ ಭಾರ. ಒಂದೊಂದೇ ಮೆಟ್ಟಿಲು ಇಳಿದು ನನ್ನ ಮುಂದೆ ಬೆನ್ನು ಮಾಡಿ ನಿಂತಳು. ನನ್ನ ಕೈ ತಾನಾಗಿ ಅವಳ ಸೊಂಟದ ಕಡೆ ಹೋಗುತ್ತಿತ್ತು, ಆದರೆ ಕೈಯಲ್ಲಿ ಗಂಟಿತ್ತು.

ಜನ ಇಳಿದ ಮೇಲೆ ಅವಳು ಮತ್ತೆ ಹತ್ತಿ ಕಿಟಕಿಯ ಪಕ್ಕ ಕೂತು ಕೈ ಚಾಚಿದಳು. ನಾನು ತಕ್ಷಣ ಕೊಡಲಿಲ್ಲ. ಬಟ್ಟೆಯೊಳಗಿಂದ ಹೊಸ ಅಕ್ಕಿಯ ವಾಸನೆ ಬರುತ್ತಿತ್ತು. "ಕೊಡ್ರಿ ಅಮ್ಮಾರ, ಬಸ್ಸು ಬಿಡ್ತೈತಿ" ಎಂದಳು. ಕೊಟ್ಟೆ. ಅಕ್ಕಿ ಕುರುಗೋಡಿಗೆ ಹೋಯಿತು.